ಹಳೆಯ ಪಿಕಪ್ಪಿನ ಆರೈಕೆ: ಬೆಳೆಗಾರರು ಮನೆಯಲ್ಲೇ ಮಾಡಿಕೊಳ್ಳಬಹುದಾದ ದುರಸ್ತಿಗಳು



ಕೊಯ್ಲಿನ ತಿಂಗಳುಗಳಲ್ಲಿ ಸಂಘದ ಕಚೇರಿಗೆ ಬರುವ ದೂರವಾಣಿ ಕರೆಗಳಲ್ಲಿ ಧಾರಣೆ ವಿಚಾರಿಸುವವು ಎಷ್ಟೋ, “ಗಾಡಿ ಕೆಟ್ಟು ನಿಂತಿದೆ, ಏನಾದರೂ ವ್ಯವಸ್ಥೆ ಮಾಡಿ” ಎನ್ನುವವೂ ಅಷ್ಟೇ. ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪರಿಗೆ ಹಾಕದಿದ್ದರೆ ಮೂಟೆಯಲ್ಲೇ ಬಿಸಿಯೇರಿ ಹುಳಿತು ಹೋಗುತ್ತದೆ. ಬೇಯಿಸಿದ ಅಡಿಕೆ ಅಂಗಳದಲ್ಲಿರುವಾಗ ಮೋಡ ಕವಿದರೆ ಕಾಯುವ ಹಾಗಿಲ್ಲ. ಹೀಗಿರುವಾಗ ಹತ್ತು ಹದಿನೈದು ವರ್ಷ ದುಡಿದ ಪಿಕಪ್ಪು ಒಂದು ದಿನ ಮುಷ್ಕರ ಹೂಡಿದರೆ ಆಗುವ ನಷ್ಟ ಅದರ ದುರಸ್ತಿಯ ಖರ್ಚಿಗಿಂತ ದೊಡ್ಡದು.

ಹೊಸ ವಾಹನ ಕೊಳ್ಳುವುದು ಎರಡು ಮೂರು ಎಕರೆಯ ಬೆಳೆಗಾರನಿಗೆ ಸುಲಭವಲ್ಲ. ಹಳೆಯದನ್ನೇ ಕ್ರಮವಾಗಿ ನೋಡಿಕೊಂಡರೆ ಇನ್ನೂ ಹಲವು ವರ್ಷ ದುಡಿಸಿಕೊಳ್ಳಬಹುದು. ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದಕ್ಕೆ ಕೈ ಹಾಕಕೂಡದು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸಿದ್ದೇನೆ.

ಚಿದ್ರಿಯಲ್ಲಿ ಕಲಿತ ಪಾಠ

ನಾನು ಮೆಕ್ಯಾನಿಕ್ ಅಲ್ಲ. ಪದವಿ ಮುಗಿಸಿದ ಮೇಲೆ ತೋಟಕ್ಕೆ ಮರಳುವ ಮುನ್ನ ಎರಡು ವರ್ಷ ಬೀದರಿನಲ್ಲಿ ನೌಕರಿಯಲ್ಲಿದ್ದೆ. ಚಿದ್ರಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಭಾಲ್ಕಿ, ಔರಾದ ಕಡೆಗೆ ದಿನವೂ ಹಳೆಯ ಜೀಪಿನಲ್ಲಿ ತಿರುಗಾಟ. ಜೀಪು ವಾರಕ್ಕೊಮ್ಮೆಯಾದರೂ ಕೈಕೊಡುತ್ತಿತ್ತು. ಕೋಣೆಯ ಹತ್ತಿರವೇ ಇದ್ದ ಸಣ್ಣ ಗ್ಯಾರೇಜಿನ ಉಸ್ತಾದರು ಅದನ್ನು ಬಿಚ್ಚುವಾಗ ನನ್ನನ್ನು ಸುಮ್ಮನೆ ನಿಲ್ಲಗೊಡುತ್ತಿರಲಿಲ್ಲ. ಕೈಗೆ ಪಾನ ಕೊಟ್ಟು, “ಸಾಹೇಬ್ರ, ಗಾಡಿ ಮೊದಲ ಹೇಳ್ತದ, ಆಮ್ಯಾಲ ನಿಲ್ತದ. ನೀವು ಕೇಳಂಗಿಲ್ಲ, ಅಷ್ಟ” ಎನ್ನುತ್ತಿದ್ದರು.

ಬೀದರಿನ ನೆಲವೂ ನಮ್ಮ ಮಲೆನಾಡಿನ ಅನೇಕ ಕಡೆಯಂತೆ ಜಂಬಿಟ್ಟಿಗೆಯದೇ. ಆದರೆ ಅಲ್ಲಿ ಆ ಕೆಂಪು ಮಣ್ಣು ವರ್ಷದ ಬಹುಭಾಗ ಧೂಳಾಗಿ ಏರ್ ಫಿಲ್ಟರಿಗೆ ನುಗ್ಗುತ್ತದೆ. ಇಲ್ಲಿ ಅದೇ ಮಣ್ಣು ಕೆಸರಾಗಿ ಬೇರಿಂಗು, ಬ್ರೇಕು, ಚಾಸಿಗಳನ್ನು ತಿನ್ನುತ್ತದೆ. ಅಲ್ಲಿನ ವಾಹನಕ್ಕೆ ಧೂಳು ಶತ್ರು, ಇಲ್ಲಿನದಕ್ಕೆ ನೀರು. ಆದ್ದರಿಂದ ಕಂಪನಿಯ ಕೈಪಿಡಿಯಲ್ಲಿ ಬರೆದ ಅವಧಿಯನ್ನು ನಮ್ಮ ಊರಿನ ಹವೆಗೆ ತಕ್ಕಂತೆ ಮೊಟಕುಗೊಳಿಸಿಕೊಳ್ಳಬೇಕು. ತೋಟದ ಗಾಡಿ ಕಿಲೋಮೀಟರ್ ಲೆಕ್ಕದಲ್ಲಿ ಹೆಚ್ಚು ಓಡುವುದಿಲ್ಲ. ಆದರೆ ಒಂದು, ಎರಡನೇ ಗೇರಿನಲ್ಲೇ ಭಾರ ಎಳೆಯುತ್ತದೆ. ಮೀಟರನ್ನಷ್ಟೇ ನಂಬಿ ಕೂತರೆ ಮೋಸ ಹೋಗುತ್ತೇವೆ.

ನಮ್ಮಲ್ಲಿರುವ ವಾಹನಗಳು

ಮಹೀಂದ್ರಾ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿತು. ಮಲೆನಾಡಿನ ತೋಟಗಳ ಒಳದಾರಿಗೆ ಹೇಳಿ ಮಾಡಿಸಿದಂತಿದ್ದ ವಾಹನ ಅದು. 1988ರಲ್ಲಿ ಟಾಟಾದವರ 206 ಪಿಕಪ್ಪು ಬಂತು, ಆಮೇಲೆ 207 ಬಂತು. 2000ದಲ್ಲಿ ಬೊಲೆರೊ ಬಂದ ಮೇಲೆ ಅದರ ಪಿಕಪ್ಪುಗಳು ಊರೂರಿಗೆ ಹಬ್ಬಿದವು. ಇವುಗಳನ್ನು ನಮ್ಮ ಕೆಲಸದ ದೃಷ್ಟಿಯಿಂದ ಎರಡು ಬಗೆಯಾಗಿ ವಿಂಗಡಿಸಿಕೊಂಡರೆ ಸಾಕು. ಹಳೆಯ ಯಾಂತ್ರಿಕ ಡೀಸೆಲ್ ಪಂಪಿನವು ಒಂದು ಬಗೆ. ಕಾಮನ್ ರೈಲ್ ಎಂಬ ವಿದ್ಯುನ್ಮಾನ ವ್ಯವಸ್ಥೆಯವು ಇನ್ನೊಂದು. ಬಾನೆಟ್ಟಿನ ಕೆಳಗೆ ಯಾವುದಿದೆ ಎಂದು ಮೊದಲು ತಿಳಿದುಕೊಳ್ಳಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಬೆಳಗಿನ ಐದು ನಿಮಿಷ

ಗಾಡಿ ಸಮತಟ್ಟಾದ ಜಾಗದಲ್ಲಿರುವಾಗ, ಇಂಜಿನ್ ತಣ್ಣಗಿರುವಾಗ ಇವನ್ನು ನೋಡತಕ್ಕದ್ದು.

1. ಇಂಜಿನ್ ಆಯಿಲ್: ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಡೀಸೆಲ್ ಗಾಡಿಯಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಆದರೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ.

2. ರೇಡಿಯೇಟರ್: ನೀರಿನ ಮಟ್ಟ ನೋಡಿ. ಇಂಜಿನ್ ಬಿಸಿಯಿರುವಾಗ ಮುಚ್ಚಳ ತೆಗೆಯಲೇಕೂಡದು. ಒಳಗೆ ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲಿಸಿದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಾವಿಯ ನೀರು ಸುರಿದರೆ ಒಳಗೆ ತುಕ್ಕು ಕಟ್ಟುತ್ತದೆ. ಶುದ್ಧ ನೀರಿಗೆ ಕೂಲೆಂಟ್ ಬೆರೆಸಿಯೇ ಹಾಕಿ.

3. ಫ್ಯಾನ್ ಬೆಲ್ಟ್: ಉದ್ದನೆಯ ಭಾಗದ ಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಹೆಚ್ಚು ಬಗ್ಗಿದರೆ ಸಡಿಲ, ಬಗ್ಗದಿದ್ದರೆ ಬಿಗಿ. ಬಿಗಿಯಾದರೆ ಡೈನಮೋದ ಬೇರಿಂಗು ಹೋಗುತ್ತದೆ. ಒಳಮೈ ಬಿರುಕು ಬಿಟ್ಟಿದ್ದರೆ ಬದಲಿಸಿ.

4. ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ, ಟೈರುಗಳ ಗಾಳಿ, ಲೈಟುಗಳು.

5. ನಿಂತಿದ್ದ ಜಾಗದ ನೆಲ: ಗಾಡಿ ತೆಗೆದ ಮೇಲೆ ನೆಲದ ಮೇಲೆ ಏನು ಬಿದ್ದಿದೆ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಪ್ಪು ಹನಿ ಇಂಜಿನ್ನಿನದು. ಮಂದವಾಗಿ ಕಟುವಾಸನೆಯಿದ್ದರೆ ಗೇರುಪೆಟ್ಟಿಗೆಯದು ಅಥವಾ ಹೌಸಿಂಗಿನದು. ಹಸಿರು ಅಥವಾ ಗುಲಾಬಿ ನೀರು ಕೂಲೆಂಟು. ಚಕ್ರದ ಒಳಬದಿಯಲ್ಲಿ ತೇವವಿದ್ದರೆ ಬ್ರೇಕ್ ಆಯಿಲ್ ಇರಬಹುದು.

ಮಳೆಗಾಲದಲ್ಲಿ ಇನ್ನೊಂದು ತಪಾಸಣೆ ಉಂಟು. ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಬೆಚ್ಚಗಿನ ಬಾನೆಟ್ಟಿನೊಳಗೆ ಇಲಿಗಳು ಸೇರಿ ವೈರು ಕಡಿಯುತ್ತವೆ. ವಾರಗಟ್ಟಲೆ ನಿಂತ ಗಾಡಿಯನ್ನು ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡಿ.

ಸ್ಟಾರ್ಟ್ ಆಗದಿದ್ದರೆ

ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂದು ಸುಮ್ಮನಾದರೆ ಅಥವಾ ಲೈಟು ಮಂಕಾದರೆ ತಪ್ಪು ಬ್ಯಾಟರಿಯದು ಅಥವಾ ಅದರ ಟರ್ಮಿನಲ್ಲಿನದು. ಅನೇಕ ವೇಳೆ ಟರ್ಮಿನಲ್ಲಿಗೆ ಹತ್ತಿದ ಬಿಳಿ, ಹಸಿರು ಪುಡಿಯೇ ಕಾರಣ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡ ಕದಡಿದ ಬಿಸಿನೀರಿನಿಂದ ತೊಳೆದು, ಉಜ್ಜಿ, ಒಣಗಿಸಿ ಜೋಡಿಸಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಮೇಲೆ ವ್ಯಾಸಲೀನ್ ಸವರಿ. ನೀರು ಹಾಕುವ ಬ್ಯಾಟರಿಯಾದರೆ ಪ್ಲೇಟುಗಳ ಮೇಲೆ ಸುಮಾರು 10 ಮಿಲಿಮೀಟರ್ ಡಿಸ್ಟಿಲ್ಡ್ ವಾಟರ್ ನಿಲ್ಲಬೇಕು. ಮಳೆನೀರು, ಒರತೆಯ ನೀರು ಸಲ್ಲದು. ಹತ್ತಿರದಲ್ಲಿ ಬೀಡಿ ಸೇದಬಾರದು, ಏಕೆಂದರೆ ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದು.

ಮೀಟರ್ ಇದ್ದವರು ಅಳೆದು ನೋಡಬಹುದು. ರಾತ್ರಿಯೆಲ್ಲ ನಿಂತ ಒಳ್ಳೆಯ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸುತ್ತದೆ. ಇಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಬ್ಯಾಟರಿ ಬದಲಿಸಿ ಫಲವಿಲ್ಲ, ಡೈನಮೋ ಚಾರ್ಜ್ ಕೊಡುತ್ತಿಲ್ಲ.

ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಡೀಸೆಲ್ ಬರುತ್ತಿಲ್ಲ ಅಥವಾ ಗಾಳಿ ಹಿಡಿದಿದೆ. ಟ್ಯಾಂಕ್ ಬರಿದಾಗಿ ಮತ್ತೆ ತುಂಬಿಸಿದಾಗ, ಫಿಲ್ಟರ್ ಬದಲಿಸಿದಾಗ ಹೀಗಾಗುತ್ತದೆ. ಯಾಂತ್ರಿಕ ಪಂಪಿನ ಗಾಡಿಯಲ್ಲಿ ಗಾಳಿ ತೆಗೆಯುವುದು ನಾವೇ ಮಾಡುವ ಕೆಲಸ. ಫಿಲ್ಟರ್ ತಲೆಯ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಶುದ್ಧ ಡೀಸೆಲ್ ಹರಿದೊಡನೆ ಸ್ಕ್ರೂ ಬಿಗಿಮಾಡಿ. ನೀರು ತಂಗುವ ಬಟ್ಟಲಿದ್ದರೆ ಅದರ ಕೆಳಗಿನ ತಿರುಪು ಬಿಚ್ಚಿ ನೀರು ಬಸಿಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡತಕ್ಕದ್ದು. ಟ್ಯಾಂಕನ್ನು ಅರ್ಧ ಖಾಲಿ ಇಟ್ಟರೆ ಒಳಗಿನ ಹವೆಯ ತೇವ ನೀರಾಗಿ ಇಳಿಯುತ್ತದೆ. ಆದ್ದರಿಂದ ಸಂಜೆ ತುಂಬಿಸಿಡುವುದು ಒಳ್ಳೆಯದು.

ಕಾಮನ್ ರೈಲ್ ಗಾಡಿಯಾದರೆ ಇಂಜಿನ್ ಕಡೆಯ ಡೀಸೆಲ್ ಪೈಪುಗಳ ನಟ್ಟು ಮುಟ್ಟಬೇಡಿ. ಆ ಪೈಪಿನೊಳಗೆ ಸಾವಿರ ಬಾರಿಗೂ ಮೀರಿದ ಒತ್ತಡವಿರುತ್ತದೆ. ಕಣ್ಣಿಗೆ ಕಾಣದ ಸಣ್ಣ ಸೀರ್ಪನಿ ಚರ್ಮ ಸೀಳಿ ಒಳಹೋಗಿ ಬೆರಳನ್ನೇ ಕಳೆದುಕೊಳ್ಳುವ ಹಾಗಾಗಬಹುದು. ಹಳೆಯ ಪಂಪಿನ ಗಾಡಿಯಲ್ಲಿಯೂ ಇಂಜೆಕ್ಟರಿನ ಸೀರ್ಪನಿಗೆ ಕೈ ಒಡ್ಡಕೂಡದು.

ಹೊಗೆಯ ಬಣ್ಣ

ಹೊಗೆಯನ್ನು ನೋಡಿಯೇ ಬಹಳಷ್ಟು ತಿಳಿಯಬಹುದು. ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಚಳಿಯ ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ, ಹೀಟರ್ ಪ್ಲಗ್ ಇರುವ ಇಂಜಿನ್ನಾದರೆ ಅದನ್ನು ಪರೀಕ್ಷಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ಮೆಕ್ಯಾನಿಕ್ಕನ ಕೆಲಸ.

ಮೈಲುತುತ್ತ ಮತ್ತು ಗಾಡಿಯ ಬಾಡಿ

ಬೋರ್ಡೊ ದ್ರಾವಣ ತಯಾರಿಸುವಾಗ ನಾವೆಲ್ಲ ಮಾಡುವ ಒಂದು ಪರೀಕ್ಷೆ ಇದೆ. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತೇವೆ. ಆ ಕೆಂಪು ಲೇಪ ತಾಮ್ರ. ತಾಮ್ರ ಕೂತ ಜಾಗದಲ್ಲಿ ಅಷ್ಟೇ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಮೈಲುತುತ್ತದ ಚೀಲವನ್ನು, ಕರಗಿಸಿದ ಡ್ರಮ್ಮನ್ನು ಪಿಕಪ್ಪಿನಲ್ಲಿ ಸಾಗಿಸುವಾಗ ಚೆಲ್ಲಿದ ನೀರು ಬಾಡಿಯ ತಗಡಿಗೆ ಮಾಡುವುದೂ ಇದನ್ನೇ. ಚಾಕುವಿನಲ್ಲಿ ಒಂದು ನಿಮಿಷದಲ್ಲಿ ಕಾಣುವುದು ಬಾಡಿಯಲ್ಲಿ ಎರಡು ಮಳೆಗಾಲದಲ್ಲಿ ತೂತಾಗಿ ಕಾಣುತ್ತದೆ.

ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಹರಿದ ಚೀಲದಿಂದ ಸೋರಿದ ಕಾಳು ತೇವ ಹೀರಿ ಕೀಲುಗಳಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಕಾಫಿ ಹಣ್ಣಿನ ಹುಳಿ ರಸವೂ ಹಾಗೆಯೇ. ಪರಿಹಾರ ಸುಲಭ. ಬಾಡಿಗೆ ದಪ್ಪ ರಬ್ಬರ್ ಹಾಳೆ ಅಥವಾ ಹಲಗೆ ಹಾಸಿ. ಗೊಬ್ಬರ, ಮೈಲುತುತ್ತ ಸಾಗಿಸಿದ ದಿನವೇ ಹಾಸನ್ನೆತ್ತಿ ಧಾರಾಳವಾಗಿ ನೀರು ಹೊಡೆಯಿರಿ. ಬಾಡಿಯ ಮೂಲೆಗಳಲ್ಲಿರುವ ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿಡಿ. ಮಳೆಗಾಲ ಕಳೆದು ಗಾಡಿ ಚೆನ್ನಾಗಿ ಒಣಗಿದ ಮೇಲೆ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅಡಿಭಾಗಕ್ಕೆ ಡಾಂಬರಿನ ಬಣ್ಣ ಹೊಡೆಸಿ. ಸುಟ್ಟ ಇಂಜಿನ್ ಆಯಿಲ್ಲನ್ನು ಚಾಸಿಗೆ ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಕೆಡಿಸುತ್ತದೆ, ಮೊದಲ ಮಳೆಗೆ ತೊಳೆದು ನಮ್ಮದೇ ಹಳ್ಳಕ್ಕೆ ಸೇರುತ್ತದೆ. ಆ ರೂಢಿಯನ್ನು ಬಿಡುವುದು ಲೇಸು.

ಗ್ರೀಸು, ಸ್ಪ್ರಿಂಗು, ಕ್ಲಚ್ಚು

ಕೆಸರಿನಲ್ಲಿ ಓಡಾಡುವ ಗಾಡಿಗೆ ಗ್ರೀಸ್ ಗನ್ನಿಗಿಂತ ಮಿಗಿಲಾದ ಔಷಧವಿಲ್ಲ. ಪ್ರೊಪೆಲರ್ ಶಾಫ್ಟಿನ ಕ್ರಾಸ್, ಸ್ಪ್ರಿಂಗಿನ ಷಾಕಲ್, ಸ್ಟೇರಿಂಗಿನ ಕೀಲು, ನಿಪ್ಪಲ್ ಇರುವ ಕಡೆಯೆಲ್ಲ ನಿಪ್ಪಲ್ಲಿನ ಮಣ್ಣು ಒರೆಸಿ, ಹಳೆಯ ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ಹೊರಡುವಾಗ ಅಡಿಯಿಂದ ‘ಟಂಗ್’ ಎಂದು ಸದ್ದು ಬಂದರೆ ಕ್ರಾಸ್ ಸವೆದಿದೆ. ಅದು ಓಟದಲ್ಲಿ ಮುರಿದರೆ ಶಾಫ್ಟು ನೆಲಕ್ಕೆ ಬೀಳುತ್ತದೆ.

ಸ್ಪ್ರಿಂಗಿನ ಪ್ಲೇಟು ಮುರಿದಿದ್ದರೆ ಗಾಡಿ ಒಂದು ಬದಿಗೆ ವಾಲುತ್ತದೆ. ಯು-ಬೋಲ್ಟುಗಳನ್ನು ಮಳೆಗಾಲ ಕಳೆದ ಮೇಲೊಮ್ಮೆ, ಕೊಯ್ಲಿನ ಮಧ್ಯೆ ಒಮ್ಮೆ ಬಿಗಿಮಾಡಿ. ಫೋರ್ ವೀಲ್ ಇರುವವರು ಅದನ್ನು ಕೆಸರು, ಸಡಿಲ ನೆಲಕ್ಕೆ ಮಾತ್ರ ಬಳಸಿ. ಒಣಗಿದ ಡಾಂಬರು ರಸ್ತೆಯಲ್ಲಿ ಹಾಕಿಕೊಂಡು ತಿರುಗಿಸಿದರೆ ಗೇರು, ಶಾಫ್ಟುಗಳು ತಿರುಚಿಕೊಳ್ಳುತ್ತವೆ.

ಕ್ಲಚ್ಚು ಜಾರುತ್ತಿದೆಯೇ ಎಂದು ತಿಳಿಯಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಮುಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕನೇ ಗೇರು ಹಾಕಿ ಕ್ಲಚ್ಚನ್ನು ನಿಧಾನ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಸವೆದಿದೆ. ಏರಿನಲ್ಲಿ ಕ್ಲಚ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವ ಚಟ ಪ್ಲೇಟಿನ ಆಯುಷ್ಯವನ್ನು ಅರ್ಧಕ್ಕಿಳಿಸುತ್ತದೆ.

ಬ್ರೇಕು: ನನ್ನದೇ ತಪ್ಪಿನ ಕಥೆ

ಈ ಭಾಗವನ್ನು ಬರೆಯುವುದು ಹಿತವಲ್ಲ, ಆದರೆ ಬರೆಯದಿದ್ದರೆ ಮೇಲಿನದೆಲ್ಲ ಬರೆದು ಪ್ರಯೋಜನವಿಲ್ಲ. ಹಲವು ವರ್ಷಗಳ ಹಿಂದೆ ನನ್ನ ಪಿಕಪ್ಪಿನ ಬ್ರೇಕ್ ಆಯಿಲ್ ಪ್ರತಿ ವಾರ ಸ್ವಲ್ಪ ಇಳಿಯುತ್ತಿತ್ತು. ನಾನು ಪ್ರತಿ ವಾರ ಸ್ವಲ್ಪ ತುಂಬಿಸುತ್ತಿದ್ದೆ. ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಜನವರಿಯ ಒಂದು ಸಂಜೆ ಕಾಫಿ ಮೂಟೆ ಹೇರಿಕೊಂಡು ತೋಟದಿಂದ ಇಳಿಯುವಾಗ ಪೆಡಲ್ ಒಮ್ಮೆಲೇ ತಳಕ್ಕೆ ಹೋಯಿತು. ಎರಡನೇ ಗೇರಿನಲ್ಲಿದ್ದೆ, ಹ್ಯಾಂಡ್ ಬ್ರೇಕ್ ಎಳೆದು ಧರೆಗೆ ಉಜ್ಜಿ ನಿಲ್ಲಿಸಿದೆ. ಮೂಟೆಗಳ ಮೇಲೆ ಮನೆಗೆ ಹೊರಟ ಇಬ್ಬರು ಕೆಲಸದವರು ಕೂತಿದ್ದರು. ಒಬ್ಬಾತ ಗಾಬರಿಯಿಂದ ಹಾರಿ ತೋಳು ಮುರಿದುಕೊಂಡ. ಆ ಕೊಯ್ಲು ಪೂರ್ತಿ ಅವನಿಗೆ ದುಡಿಯಲಾಗಲಿಲ್ಲ. ಆಸ್ಪತ್ರೆಯ ಖರ್ಚು, ಅವನ ಕೂಲಿ ನಾನು ಕೊಟ್ಟೆ. ಆದರೆ ಕೊಟ್ಟೆನೆಂದು ಅವನ ಮನೆಯವರ ಮುಖ ನೋಡುವುದು ಸುಲಭವಾಗಲಿಲ್ಲ. ಬಿಚ್ಚಿ ನೋಡಿದಾಗ ಹಿಂದಿನ ಎಡಚಕ್ರದ ಸಿಲಿಂಡರಿನ ಸಣ್ಣ ರಬ್ಬರು ಹರಿದಿತ್ತು.

ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮಗಳು ಇವು.

ಲೈನಿಂಗು ಸವೆದಂತೆ ಬ್ರೇಕ್ ಆಯಿಲ್ ತಿಂಗಳುಗಳಲ್ಲಿ ಸ್ವಲ್ಪ ಇಳಿಯಬಹುದು. ವಾರವಾರ ಇಳಿದರೆ ಸೋರುತ್ತಿದೆ. ಸೋರುವ ಜಾಗ ಸಿಗುವವರೆಗೆ ಗಾಡಿ ಹೊರಡಿಸಕೂಡದು.

ಬ್ರೇಕ್ ಆಯಿಲ್ ಹವೆಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಂಥಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಡಬ್ಬಿಯ ಮೇಲೆ ಬರೆದ ದರ್ಜೆಯದನ್ನೇ ಹಾಕಿ. ಇಂಜಿನ್ ಆಯಿಲ್ ಹನಿಯಷ್ಟು ಬಿದ್ದರೂ ರಬ್ಬರುಗಳು ಉಬ್ಬಿ ಕೆಡುತ್ತವೆ.

ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಪ್ರಾಣಕ್ಕೆ ಸಂಚಕಾರ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ್ದಕ್ಕೆ ಬರಬೇಕು. ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮೊದಲ ಬಾರಿ ತಿಳಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೇಡು.

ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದು ಎಂಬುದು ಕಾನೂನು. ಅಂಥ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲೇ ತೀರ್ಪಿತ್ತಿದೆ. ಕಾನೂನಿಗಾಗಿ ಅಲ್ಲದಿದ್ದರೂ ಮೇಲೆ ಹೇಳಿದ ಕಾರಣಕ್ಕಾಗಿ ಈ ರೂಢಿ ನಿಲ್ಲಬೇಕು.

ಗಾಡಿಯ ಕೆಳಗೆ ಹೋಗುವ ಮುನ್ನ

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗೇರು ಹಾಕಿ, ಎತ್ತದ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಎತ್ತಿದ ಮೇಲೆ ಚಾಸಿಯ ಕೆಳಗೆ ಸ್ಟ್ಯಾಂಡ್ ಅಥವಾ ಚೌಕಾಕಾರದ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ. ಜಂಬಿಟ್ಟಿಗೆ, ಇಟ್ಟಿಗೆ, ಸಿಮೆಂಟ್ ಬ್ಲಾಕು ಸಲ್ಲವು. ಅವು ಸೂಚನೆ ಕೊಡದೆ ಒಡೆಯುತ್ತವೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ.

ಇಂಜಿನ್ ಒಳಭಾಗ, ಡೀಸೆಲ್ ಪಂಪು, ಗೇರುಪೆಟ್ಟಿಗೆ, ಸ್ಟೇರಿಂಗ್ ಬಾಕ್ಸ್ ಇವು ಮನೆಯ ಕೆಲಸಗಳಲ್ಲ.

ಯಾವಾಗ ಬಿಡಬೇಕು?

ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಫಿಟ್ನೆಸ್ ಪತ್ರ ಬೇಕು. ಅದನ್ನು ಹೊರೆಯೆಂದು ಭಾವಿಸದೆ, ವರ್ಷಕ್ಕೊಮ್ಮೆ ಗಾಡಿಯನ್ನು ಪೂರ್ತಿ ನೋಡುವ ದಿನವೆಂದು ಭಾವಿಸಿ. ಒಂದು ಪುಸ್ತಕವಿಟ್ಟು ಆಯಿಲ್, ಫಿಲ್ಟರ್, ಬಿಡಿಭಾಗಗಳ ತಾರೀಖು ಮತ್ತು ಖರ್ಚು ಬರೆಯುತ್ತಾ ಬನ್ನಿ. ಎರಡು ವರ್ಷದ ದುರಸ್ತಿಯ ಮೊತ್ತ ಗಾಡಿಯ ಮಾರಾಟದ ಬೆಲೆಯನ್ನು ಮುಟ್ಟಿದರೆ ಅಥವಾ ಚಾಸಿಯೇ ತುಕ್ಕು ತಿಂದು ಸುತ್ತಿಗೆ ಬಡಿದರೆ ಪದರ ಉದುರುವಂತಿದ್ದರೆ ಬಿಡುವುದೇ ಬುದ್ಧಿವಂತಿಕೆ. ಇಂಜಿನ್ ಬದಲಿಸಬಹುದು, ಕೊಳೆತ ಚಾಸಿಗೆ ತೇಪೆ ಹಾಕಿ ಜನರ ಜೀವ ಒತ್ತೆಯಿಡಲಾಗದು.

ಹಳೆಯ ಗಾಡಿಗಳನ್ನು ಕಿವಿಯಿಂದಲೇ ತಿಳಿಯಬಲ್ಲ ಮೆಕ್ಯಾನಿಕ್ಕರು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಇರುವವರಿಗೆ ಸಕಾಲದಲ್ಲಿ ಹಣ ಸಲ್ಲಿಸಿ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ನಿಮ್ಮ ಮಕ್ಕಳನ್ನೂ ನಿಲ್ಲಿಸಿ.

ಸಂಘದ ಗೋದಾಮಿನಲ್ಲಿ ಗ್ರೀಸ್ ಗನ್, ಪಾನಗಳ ಒಂದು ಪೂರ್ಣ ಜೊತೆ, ಜಾಕ್ ಸ್ಟ್ಯಾಂಡ್ ಮತ್ತು ವೋಲ್ಟ್ ಮೀಟರನ್ನು ಇಡಲಾಗಿದೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಒರೆಸಿ ಹಿಂದಿರುಗಿಸತಕ್ಕದ್ದು. ಕೊಯ್ಲಿಗೆ ಇನ್ನೂ ಬಿಡುವಿರುವಾಗಲೇ ಬನ್ನಿ. ಮೊದಲ ಕೆಲಸವಾಗಿ ಇಂದು ಸಂಜೆಯೇ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ ಎಂದು ವಿನಂತಿಸುತ್ತೇನೆ.

— ಕಾರ್ಯದರ್ಶಿ